ಆಂಡ್ರಾಯ್ಡ್ ದೆಸೆಯಿಂದ ಕೆನಡಾ ದರ್ಶನ

ಅಮೆರಿಕದ ಶಾಮ್‌ಬರ್ಗಿನ ಜಯಸಿಂಹನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು. ಪದ್ಮ ಅಡುಗೆಯಲ್ಲಿ ಅನ್ನಪೂರ್ಣೆ, ಮಾತಿನಲ್ಲಿ ಸರಸ್ವತಿ. ಆದರೆ ಬಾಹ್ಯಾಕಾಶದ ಭೂತದ ಸಿನಿಮಾ ಹಾಕಿದರೆ ಸಾಕು, ಸಾಕ್ಷಾತ್ ಕುಂಭಕರ್ಣನ ತಂಗಿ. (ಶೂರ್ಪನಖಿಯಲ್ಲ, ನಿದ್ದೆಯ ವಿಷಯ ಹೇಳಿದ್ದು.)

ಆ ಸಿನಿಮಾ ಸರಣಿಯ ಕಥೆ ಇಷ್ಟೇ: ದೂರದ ಗ್ರಹದಲ್ಲಿ ಗಣಿ ಅಗೆಯುವ ಮನುಷ್ಯರು, ಅವರನ್ನು ತಿನ್ನುವ ಒಂದು ಜಂತು, ಆ ಜಂತುವಿಗೆ ಬಾಗಿಲು ತೆಗೆದುಕೊಡುವ ಒಬ್ಬ ಆಂಡ್ರಾಯ್ಡ್. (ಆಗಿನ್ನೂ ಆಂಡ್ರಾಯ್ಡ್ ಎಂದರೆ ಫೋನಲ್ಲ, ಮನುಷ್ಯನ ಮುಖ ಹೊತ್ತ ಯಂತ್ರ.) ಅವನು ಬಾಗಿಲನ್ನು ಯಾಕೆ ತೆಗೆದ? ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಮೊದಲ ಭಾಗ ನೋಡಿದಂದಿನಿಂದ ಜಯಸಿಂಹನಿಗೂ ಅವನ ರೂಮ್‌ಮೇಟ್ ಮೆಹಬೂಬನಿಗೂ ಇದೇ ಜಗಳ. ಮೆಹಬೂಬ ಈಗ ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಕಾರು ಬೆಸೆಯುವ ರೋಬಾಟುಗಳ ಎಂಜಿನಿಯರ್. ಜಗಳ ಭಾನುವಾರದ ಫೋನಿಗೆ ವರ್ಗವಾಗಿತ್ತು.

೧೯೯೮ರ ಥ್ಯಾಂಕ್ಸ್‌ಗಿವಿಂಗ್ ರಜೆಗೆ, ಆ ಪ್ರಶ್ನೆಗೆ ಉತ್ತರ ಕೊಡುವುದಾಗಿ ಸಾರಿಕೊಂಡು ಮೂರನೇ ಭಾಗ ಬಂತು. ಮೆಹಬೂಬನ ಹೆಂಡತಿ ಬೀಬಿ ಜಾನ್ ಮಾಡುವ ಬಿರಿಯಾನಿಯ ಆಮಿಷ ಒಡ್ಡಿ ಜಯಸಿಂಹ ಪದ್ಮಳನ್ನು ಮುನ್ನೂರು ಮೈಲಿ ಕರೆದೊಯ್ದ. ಮರುದಿನ ಮಧ್ಯಾಹ್ನ ಡಿಯರ್‌ಬಾರ್ನಿನ ಥಿಯೇಟರಿಗೆ ನಾಲ್ವರೂ ಹೊರಟರು. ಗಂಡಸರು ಮುಂದೆ, ಹೆಂಗಸರು ಹಿಂದೆ, ಮೆಹಬೂಬ ಸ್ಟೀರಿಂಗ್ ಹಿಡಿದಿದ್ದ.

"ಯಂತ್ರಕ್ಕ ಆಸೆ ಎಲ್ಲಿಂದ ಬರ್ತೈತಲೇ?" ಎಂದು ಶುರುಮಾಡಿದ. "ನಮ್ಮ ರೋಬಾಟ್ ಹೇಳಿದ್ದಷ್ಟ ಮಾಡ್ತೈತಿ. ಗಣಿ ಕಂಪನಿ ಬಾಗಲಾ ತಗಿ ಅಂತು, ಅವ ತಗದ."

"ನಾನು ದಿನಾ ಕೋಡ್ ಬರೀತೀನಿ ಕಣೋ," ಎಂದ ಜಯಸಿಂಹ. "ನಾನು ಹೇಳಿದ್ದನ್ನ ಅದು ಒಂದಿನಾನಾದ್ರೂ ಕೇಳಿದ್ಯಾ? ಅದಕ್ಕೂ ಸ್ವಂತ ಬುದ್ಧಿ ಇರತ್ತೆ."

"ನಾವು ತಿರುಗಬೇಕಾದ ಎಕ್ಸಿಟ್ ಬಂತು," ಎಂದಳು ಪದ್ಮ.

"ಒಂದ್ನಿಮಿಷ ಇರೇ," ಎಂದು ಜಯಸಿಂಹ ಮೆಹಬೂಬನ ಕಡೆ ತಿರುಗಿದ. "ಸರಿ, ಜಂತು ವಿಷಯಕ್ಕೆ ಬಾ. ಮುಷ್ಟಿಯಷ್ಟಿದ್ದದ್ದು ಏನೂ ತಿನ್ನದೆ ಮೂರೇ ದಿನಕ್ಕೆ ಎಮ್ಮೆಯಷ್ಟು ಹೇಗೆ ಬೆಳೀತು?"

"ತಿಂದಿರ್ತದ ತಗೋರಿ," ಎಂದಳು ಬೀಬಿ ಜಾನ್. "ಗಂಡಸರು ತಗದ ಸಿನಿಮಾ. ಅಡಗಿಮನಿ ತೋರ್ಸಿಲ್ಲ, ಅಷ್ಟ."

"ಎಕ್ಸಿಟ್ ಹೋಯ್ತು," ಎಂದಳು ಪದ್ಮ.

ಆಮೇಲೆ ಉಳಿದದ್ದು ಕೆನಡಾಕ್ಕೆ ಹೋಗುವ ಸೇತುವೆ ಮಾತ್ರ. ಹಿಂತಿರುಗಲು ಜಾಗವಿಲ್ಲ. ಕೆಳಗೆ ಡೆಟ್ರಾಯಿಟ್ ನದಿ, ಎದುರಿಗೆ ಮೇಪಲ್ ಎಲೆಯ ಬಾವುಟ. ವೀಸಾ ಇಲ್ಲದ ನಾಲ್ವರನ್ನು ಕೆನಡಾದವರು ಬಹಳ ವಿನಯದಿಂದ ವಾಪಸು ಕಳಿಸಿದರು. ಅಮೆರಿಕದವರಿಗೆ ಅಷ್ಟು ವಿನಯವಿರಲಿಲ್ಲ. ಪಾಸ್‌ಪೋರ್ಟ್ ಎಲ್ಲಿ ಎಂದರು.

ಗಂಡಸರದು ಒಂದು ಶಾಮ್‌ಬರ್ಗಿನಲ್ಲಿ, ಇನ್ನೊಂದು ವಾರೆನ್ನಿನ ಬೀರುವಿನಲ್ಲಿ. ಹೆಂಗಸರಿಬ್ಬರೂ ಹ್ಯಾಂಡ್‌ಬ್ಯಾಗಿನಿಂದ ತಂತಮ್ಮದನ್ನು ತೆಗೆದು ಚಾಚಿದರು. (ಪರದೇಶದಲ್ಲಿ ಗಂಡನನ್ನು ನಂಬಬಹುದು, ಗಂಡನ ಜ್ಞಾಪಕಶಕ್ತಿಯನ್ನಲ್ಲ ಎಂಬುದು ಇಬ್ಬರ ಸಿದ್ಧಾಂತ.)

ಕೆನಡಾಕ್ಕೆ ಯಾಕೆ ಹೋದಿರಿ ಎಂದು ಅಧಿಕಾರಿ ಕೇಳಿದ. ಆಂಡ್ರಾಯ್ಡ್ ಬಾಗಿಲು ಯಾಕೆ ತೆಗೆದ ಎಂದು ಚರ್ಚಿಸುತ್ತಿದ್ದೆವು ಎಂದು ಜಯಸಿಂಹ ಹರಿಶ್ಚಂದ್ರನಂತೆ ನಿಜವನ್ನೇ ನುಡಿದ. ಅಧಿಕಾರಿ ಪೆನ್ನು ತೆಗೆದು, ಈ ಆಂಡ್ರಾಯ್ಡ್ ಯಾವ ದೇಶದವನು ಎಂದು ಕೇಳಿದ.

ಗಂಡಸರ ದಾಖಲೆ ಪರಿಶೀಲನೆಗೆ ಹೊತ್ತು ಹಿಡಿಯುತ್ತದೆ, ಹೆಂಗಸರು ಹೋಗಬಹುದು ಎಂದಾಯಿತು. ಬೀಬಿ ಜಾನ್ ಗಂಡನ ಕೈಯಿಂದ ಕಾರಿನ ಕೀಲಿ ಕಿತ್ತುಕೊಂಡಳು.

"ನಾವಾದ್ರೂ ಸಿನಿಮಾ ನೋಡ್ಕೊಂಡು ಬರ್ತೀವಿ ರೀ," ಎಂದಳು ಪದ್ಮ.

ಸಂಜೆ ಗಂಡಸರು ಬಿಡುಗಡೆಯಾಗಿ ಹಿಂದಿನ ಸೀಟಿನಲ್ಲಿ ಕುಳಿತಾಗ ಮುಂದೆ ಹೆಂಗಸರ ಮಹಾಯುದ್ಧ ನಡೆದಿತ್ತು.

"ಅವ ಹೊಟ್ಟಿಕಿಚ್ಚಿಗೆ ಬಾಗಲಾ ತಗದದ್ದು!"

"ಛೆ, ಪಾಪ, ಒಂಟಿಯಾಗಿದ್ದ ಕಣೇ ಬೀಬಿ. ಅಷ್ಟು ವರ್ಷದಲ್ಲಿ ಊಟ ಆಯ್ತಾ ಅಂತ ಯಾರಾದ್ರೂ ಕೇಳಿದ್ರಾ ಅವನನ್ನ? ಅವನ ಬಾಗಿಲು ತಟ್ಟಿದ್ದು ಆ ಜಂತು ಒಂದೇ. ಅದೂ ಬಸುರಿ. ಚಳೀಲಿ ಬಸುರಿ ಬಂದು ನಿಂತ್ರೆ ತೆಗೀದೆ ಇರ್ತಾರಾ?"

"ಏನಾಯ್ತು? ಮೊದಲಿಂದ ಹೇಳೇ," ಎಂದು ಜಯಸಿಂಹ ಅಂಗಲಾಚಿದ.

"ನಿಮಗೆ ಅರ್ಥ ಆಗಲ್ಲ ಬಿಡಿ."

ಸಿನಿಮಾ ವಾರಕ್ಕೇ ಎತ್ತಂಗಡಿಯಾಯಿತು. ಆದರೆ ಹೆಂಗಸರ ಬಾಯಿಂದ ಉದುರಿದ ಆ ತುಣುಕುಗಳನ್ನೇ ಹಿಡಿದು ಗೆಳೆಯರು ವರ್ಷಗಟ್ಟಲೆ ಭಾನುವಾರಗಳನ್ನು ಕಳೆದರು. ಒಂಟಿಯೋ, ಹೊಟ್ಟೆಕಿಚ್ಚೋ? ಬಸುರಿಗೆ ಎಷ್ಟು ತಿಂಗಳು? ಅಂಥ ರಸವತ್ತಾದ ಜಗಳ ಮತ್ತೆ ಬರಲಿಲ್ಲ.

ಡಿವಿಡಿ ಕಾಲ ಬಂದಮೇಲೆ ಜಯಸಿಂಹನಿಗೆ ಮೂರನೇ ಭಾಗ ಸಿಕ್ಕಿತು. ನೋಡಿದ. ಒಂಟಿತನವಿಲ್ಲ, ಬಸಿರಿಲ್ಲ. ತಂತಿ ಸುಟ್ಟು ಬಾಗಿಲು ತಾನಾಗಿಯೇ ತೆರೆದಿತ್ತು.

"ಪದ್ಮಾ! ನೀವು ಹೇಳಿದ್ದು ಇದರಲ್ಲಿ ಒಂದೂ ಇಲ್ವಲ್ಲೇ!"

ಪದ್ಮ ತಣ್ಣಗೆ ಹೇಳಿದಳು: "ಥಿಯೇಟರ್ ಪಕ್ಕ ಮಾಲ್ ಇತ್ತಲ್ರೀ. ಸೇಲ್ ಇತ್ತು. ಕಥೆ ಕೇಳ್ತೀರಾ ಅಂತ ಗೊತ್ತಿತ್ತು, ಬರ್ತಾ ದಾರೀಲಿ ಇಬ್ರೂ ಸೇರಿ ಕಟ್ಟಿದ್ವಿ."

ಜಯಸಿಂಹ ತಕ್ಷಣ ವಾರೆನ್ನಿಗೆ ಫೋನ್ ಮಾಡಿ ಎಲ್ಲ ಹೇಳಿದ.

"ಅದೆಲ್ಲಾ ಇರ್ಲಿ ಬಿಡಲೇ," ಎಂದ ಮೆಹಬೂಬ. "ಆದ್ರ ಅವ ಒಂಟಿ ಇದ್ದ ಅನ್ನೂದು ಖರೇ ಅಲ್ಲೇನು?"