ಎಂಟರ ಗರಿ

ಕಿಟಕಿಗೆ ಪರದೆ ಏರದೆ ಮದುವೆಯ ದಿನದ ಮಾತೇ ಬೇಡವೆಂದು ಭಾವೀ ಮಾವ ಅಬೂ ಹೈಸಮ್ ಖಡಾಖಂಡಿತವಾಗಿ ಹೇಳಿದ್ದರು. ಮಗಳು ರುದೈನಾ ಬಾಳಬೇಕಾದ ಮನೆಯನ್ನು ನೋಡಲು ಅವರು ಈ ಮಧ್ಯಾಹ್ನವೇ ಬರುವವರಿದ್ದರು. ವರ ನಜ್ಮಿ ಬೆಳಗಿನಿಂದ ಡ್ರಿಲ್ ಹಿಡಿದು ಏಣಿಯ ಮೇಲೆಯೇ ಇದ್ದ. ಕಿಟಕಿಯ ನೆತ್ತಿಯ ಕಾಂಕ್ರೀಟ್ ಲಿಂಟಲ್ ಮಾತ್ರ ಮುನಿದ ಹೇಸರಗತ್ತೆಯಂತೆ ಜಗ್ಗಲಿಲ್ಲ.

ಸದ್ದು ಕೇಳಿ ಕೆಳಮನೆಯ ಅಬೂ ಸಖ್ರ್ ಹತ್ತಿ ಬಂದರು.

"ಅಲ್ಲಯ್ಯಾ, ಇದು ಮರಕ್ಕೆ ಹಾಕೋ ಗರಿ! ಕಾಂಕ್ರೀಟಿಗೆ ಇದನ್ನ ಹಾಕಿ ಮೊಸರು ಕಡೀತಾ ಇದ್ದೀಯಲ್ಲ!"

ಡ್ರಿಲ್ಲಿಗೆ ಸಿಕ್ಕಿಸುವ ಕೊರೆಮೊನೆಗೆ ಅಮ್ಮಾನಿನಲ್ಲಿ ಗರಿಯೆಂದೇ ಹೆಸರು.

"ತುದೀಲಿ ಅಗಲವಾದ ಗಟ್ಟಿ ಮೂತಿ ಇರ್ಬೇಕು. ಎಂಟರ ಗರಿ, ಅಂದ್ರೆ ಎಂಟು ಮಿಲಿಮೀಟರಿಂದು. ಮೇಲ್ಮನೆ ಉಮ್ಮ್ ವದೀನ್ನ ಕೇಳು, ಅವಳ ಗಂಡ ಗಾರೆ ಕೆಲಸದವನು."

ನಜ್ಮಿ ಕಿಟಕಿಯಿಂದ ಕತ್ತು ಚಾಚಿದ. "ಚಿಕ್ಕಮ್ಮಾ, ಎಂಟರ ಗರಿ ಇದ್ರೆ ಕೊಡ್ತೀರಾ?"

"ತಡಿ ಮಗನೇ, ಕಳಿಸ್ದೆ!"

ಹಗ್ಗದ ತುದಿಯಲ್ಲಿ ಬುಟ್ಟಿ ತೂಗುತ್ತ ಇಳಿಯಿತು. ಒಳಗೆ ಬಾತುಕೋಳಿಯ ಪುಕ್ಕಗಳು; ಎಣಿಸಿದರೆ ಸರಿಯಾಗಿ ಎಂಟು.

"ಸಾಲ್ದಿದ್ರೆ ಹೇಳು, ಇನ್ನೊಂದು ದಿಂಬು ಬಿಚ್ತೀನಿ!"

ಅಬೂ ಸಖ್ರ್ ನಗುನಗುತ್ತ ನೆಲಕ್ಕೇ ಕುಸಿದರು. "ಯಜಮಾನರ ಪೆಟ್ಟಿಗೇಲಿರೋ ಕಬ್ಬಿಣದ ಗರಿ ಚಿಕ್ಕಮ್ಮಾ!" ಎಂದು ನಜ್ಮಿ ಅರಚಿದ ಮೇಲೆ ನಿಜವಾದ ಗರಿ ಇಳಿಯಿತು. ಆದರೂ ಅದು ಗೋಡೆಯನ್ನು ಸವರಿತೇ ಹೊರತು ಕೊರೆಯಲಿಲ್ಲ.

"ಹ್ಯಾಮರ್ ಗುಂಡಿ ಒತ್ತೋ! ಬರೀ ತಿರುಗಿಸಿದ್ರೆ ಆಗಲ್ಲ, ಕುಟ್ಟಬೇಕು!" ಎಂದರು ಅಬೂ ಸಖ್ರ್.

"ಮೊಮ್ಮಗು ಮಲಗಿದೆ! ಆ ಗುಂಡಿ ಮುಟ್ಟಿದ್ರೆ ನೋಡು!" ಎಂದಿತು ಮೇಲಿನ ದನಿ.

ಅಷ್ಟರಲ್ಲಿ ಮೆಟ್ಟಿಲುಗಳ ಮೇಲೆ ಅಬೂ ಹೈಸಮ್‌ರ ಊರುಗೋಲಿನ ಸದ್ದು! ನಜ್ಮಿ ಕಣ್ಣುಮುಚ್ಚಿ ಗುಂಡಿ ಒತ್ತಿದ. ಕಟ್ಟಡ ಗಡಗಡಿಸಿತು, ಮಗು ಚೀರಿತು, ಉಮ್ಮ್ ವದೀ ಶಪಿಸಿದಳು, ಧೂಳು ಕವಿದು ನಜ್ಮಿಯ ಮೀಸೆ ಹಿಟ್ಟಿನ ಗಿರಣಿಯವನ ಮೀಸೆಯಂತೆ ಬೆಳ್ಳಗಾಯಿತು. ತೂತುಗಳು ಮಾತ್ರ ಅಚ್ಚುಹಾಕಿದಂತೆ ಮೂಡಿದವು. ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ ಅಬೂ ಹೈಸಮ್, ಪರದೆ ಏರಿದ ಮೇಲೆಯೇ ಒಳಗೆ ಬಂದು ಕುಳಿತರು.

ಕಾಫಿ ಬಂತು. ಅವರು ಬಟ್ಟಲನ್ನು ತುಟಿಗೆ ಸೋಕಿಸದೆ ಕೆಳಗಿಟ್ಟರು. ಬೇಡಿಕೆಯೊಂದಿದೆ, ಅದು ಸಲ್ಲುವವರೆಗೆ ಕುಡಿಯುವುದಿಲ್ಲವೆಂದು ಅಲ್ಲಿನ ವಾಡಿಕೆಯಲ್ಲಿ ಅದರರ್ಥ. ಮದುವೆಯ ದಿನ ಗೊತ್ತುಮಾಡುವುದಲ್ಲದೆ ಇನ್ನೇನು! ನಜ್ಮಿಯ ಎದೆ ಹಕ್ಕಿಯಾಯಿತು.

"ಮಾವ, ನೀವು ಏನು ಕೇಳಿದ್ರೂ ಆಯ್ತು! ಕಾಫಿ ಕುಡೀರಿ!"

ಅಬೂ ಹೈಸಮ್ ಒಂದೇ ಗುಟುಕಿಗೆ ಬಟ್ಟಲು ಬರಿದುಮಾಡಿದರು. ಕೊಟ್ಟ ಮಾತು ಇನ್ನು ಹಿಂದಕ್ಕಿಲ್ಲ.

"ನಮ್ಮನೇಲಿ ಹನ್ನೊಂದು ಕಿಟಕಿ ಇವೆ ಅಳಿಯಾ, ಒಂದಕ್ಕೂ ಪರದೆ ಇಲ್ಲ. ಕೊರೆದೂ ಕೊರೆದೂ ನನ್ನ ಭುಜ ಬಿದ್ದುಹೋಯ್ತು. ರುದೈನಾಳ ತಾಯಿ ದಿನಾ ನನ್ನ ಪ್ರಾಣ ತಿಂತಾಳೆ. ಎಲ್ಲಾ ನೀನೇ ಹಾಕ್ಕೊಡು. ಕೊನೇ ಪರದೆ ಏರಿದ ಮರುದಿನವೇ ಮದುವೆ."

ನಜ್ಮಿ ಊದಿಕೊಂಡ ಅಂಗೈಗಳನ್ನು ನೋಡಿಕೊಂಡ.

"ಮಾವ... ಅಲ್ಲಿ ಏಣಿ ಹಿಡಿಯೋರು ಯಾರು?"

"ನನಗೆ ಮೊಣಕಾಲು ನೋವು. ರುದೈನಾನೇ ಹಿಡೀಬೇಕು."

ನಜ್ಮಿ ಡ್ರಿಲ್ಲನ್ನು ಹೆಗಲಿಗೇರಿಸಿದ. "ಹನ್ನೊಂದೇ ಕಿಟಕಿನಾ, ಮಾವ?"