ಮುಚ್ಚಿದ ಬಾಗಿಲಿನ ಸಂದರ್ಶನ

ಎಲ್ಲ ತಾಪತ್ರಯಕ್ಕೂ ಕಾರಣ ವಿಶ್ವವಿದ್ಯಾಲಯದಿಂದ ಬಂದ ಪತ್ರದ ಕೊನೆಯ ಸಾಲು: 'ಅಭ್ಯರ್ಥಿಯು ಖುದ್ದಾಗಿ ಹಾಜರಾಗಿ, ಸಮಿತಿಯ ಎದುರು ಕುಳಿತು ಉತ್ತರಿಸತಕ್ಕದ್ದು.'

ಹಾಜರಾಗುವುದಕ್ಕೆ ಲಿಫ್ಟಣ್ಣನ ತಕರಾರಿರಲಿಲ್ಲ. ಉತ್ತರಿಸುವುದಕ್ಕೂ ಇರಲಿಲ್ಲ. ಆ 'ಎದುರು ಕುಳಿತು' ಎನ್ನುವುದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎದುರಿಗೊಂದು ಮುಖ, ಆ ಮುಖದಲ್ಲಿ ಎರಡು ಕಣ್ಣು, ಆ ಕಣ್ಣು ತನ್ನನ್ನೇ ನೋಡುತ್ತಿವೆ ಎಂದಾದರೆ ಸಾಕು, ನಲವತ್ತೈದು ವರ್ಷದ ಆ ಗಂಡಸಿನ ತಲೆಯೊಳಗಿದ್ದದ್ದೆಲ್ಲ ತೂತುಬಿದ್ದ ಬಕೆಟ್ಟಿನ ನೀರಿನಂತೆ ಸೋರಿಹೋಗಿ, ತಳದಲ್ಲಿ ಎರಡೇ ಮಾತು ಉಳಿಯುತ್ತಿದ್ದವು: 'ಹೌದು' ಮತ್ತು 'ಆಗಲಿ'. ಅವನ ಮದುವೆ ನಿಶ್ಚಯವಾದದ್ದೂ ಈ ಎರಡೇ ಮಾತಿನಲ್ಲಿ.

ಇಪ್ಪತ್ತೆರಡು ವರ್ಷ ಅವನು ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರು ಒಳಗಿಂದ ಬಾಗಿಲು ಗುದ್ದುತ್ತಿದ್ದರೆ, ಹೊರಗೆ ನಿಂತು ಅವನು ಮಾತಿಗಿಳಿಯುತ್ತಿದ್ದ. ಮುಖ ಕಾಣದಿದ್ದರೆ ಅವನ ನಾಲಿಗೆಗೆ ರೆಕ್ಕೆ ಬರುತ್ತಿತ್ತು. ಅಳುತ್ತಿದ್ದವರು ಅಳು ನಿಲ್ಲಿಸುತ್ತಿದ್ದರು, ನಿಲ್ಲಿಸಿದವರು ನಗುತ್ತಿದ್ದರು. ಒಬ್ಬಾಕೆಯಂತೂ ಬಾಗಿಲು ತೆರೆದ ಮೇಲೂ, "ಇನ್ನೈದು ನಿಮಿಷ ಮುಚ್ಚಿಡಿ ಅಣ್ಣ, ನಮ್ಮತ್ತೆ ವಿಷಯ ಹೇಳೋದು ಉಳಿದಿದೆ" ಎಂದಿದ್ದಳು. ತನ್ನ ನಿಜವಾದ ಕಸುಬು ರಿಪೇರಿಯಲ್ಲ, ಮಾತು ಎಂದು ನಲವತ್ತಮೂರನೆಯ ವಯಸ್ಸಿನಲ್ಲಿ ಅವನಿಗೆ ಹೊಳೆಯಿತು. ಸ್ಪ್ಯಾನರು ಕೆಳಗಿಟ್ಟು, ಮನಸ್ಸಿನ ಭಾರ ಇಳಿಸಿಕೊಳ್ಳಲು ಜನ ಬರುವ ಒಂದು ಆಪ್ತಸಮಾಲೋಚನಾ ಕೇಂದ್ರದಲ್ಲಿ ಫೋನೆತ್ತಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ. ಜನ ಮಾತ್ರ ಈಗಲೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು.

ಕೇಂದ್ರದ ಮೇಡಂ ಖಂಡಿತವಾಗಿ ಹೇಳಿದ್ದರು. "ಈ ವರ್ಷ ಮನಃಶಾಸ್ತ್ರ ಎಂ.ಎ.ಗೆ ಸೀಟು ಸಿಕ್ಕಿದ್ರೆ, ಸಮಾಲೋಚನೆಗೆ ಆ ಮೂಲೆ ಕೋಣೆ ನಿಮಗೆ. ಸಿಗದಿದ್ರೆ ಬೇರೆಯವರನ್ನ ತಗೋತೀನಿ, ನೀವು ಫೋನ್ ಹತ್ರಾನೇ ಇರಿ." ಅನುಭವಸ್ಥರಿಗೆಂದು ಮೀಸಲಿಟ್ಟಿದ್ದು ಮೂರೇ ಸೀಟು. ವಯಸ್ಸು ನಲವತ್ತಾರು ದಾಟಿರಬಾರದು. ಲಿಫ್ಟಣ್ಣನಿಗೆ ಮುಂದಿನ ತಿಂಗಳು ನಲವತ್ತಾರು ತುಂಬುತ್ತಿತ್ತು.

ಹೀಗಾಗಿ ಸಂದರ್ಶನದ ದಿನ ಬೆಳಿಗ್ಗೆ ಏಳಕ್ಕೇ ಅವನ ಹೆಂಡತಿ ನಡುಮನೆಯಲ್ಲಿ ಮೂರು ಕುರ್ಚಿ ಸಾಲಾಗಿ ಹಾಕಿದಳು. ಒಂದರಲ್ಲಿ ತಾನು ಕೂತಳು. ಇನ್ನೊಂದರಲ್ಲಿ ಪಕ್ಕದ ಮನೆಯ ವಕೀಲರು. ಮೂರನೆಯದರಲ್ಲಿ ಮೇಲಿನ ಮನೆಯ ಟೈಲರಮ್ಮ; ಆಕೆ ಈ ಸಂದರ್ಭಕ್ಕೆಂದೇ ಕೋಟೊಂದನ್ನು ಹೊಲಿದು ತಂದಿದ್ದಳು. ಅದರ ಕಂಕುಳು ಎಷ್ಟು ಬಿಗಿಯಾಗಿತ್ತೆಂದರೆ ತೊಟ್ಟ ಲಿಫ್ಟಣ್ಣ ಎರಡೂ ಕೈ ಅರ್ಧ ಎತ್ತಿಕೊಂಡು ಶರಣಾಗತನಾದ ಕಳ್ಳನ ಹಾಗೆ ನಿಂತಿದ್ದ.

"ನಮ್ಮನ್ನ ಕಲ್ಲು ಅಂದ್ಕೊಂಡು ಮಾತಾಡಿ" ಎಂದಳು ಹೆಂಡತಿ.

"ಹೌದು."

"ಏನ್ ಹೌದು? ನಾನು ಕಲ್ಲಾ?"

"ಸುಮ್ಮನಿರಮ್ಮ, ನಾನು ಕೇಳ್ತೀನಿ" ಎಂದು ವಕೀಲರು ಗಂಟಲು ಸರಿಮಾಡಿಕೊಂಡರು. ಮೂರು ವರ್ಷದಿಂದ ಒಂದು ಕೇಸೂ ಗೆಲ್ಲದ ಅವರಿಗೆ ಇದೊಂದು ಸದವಕಾಶ. "ಈ ವಯಸ್ಸಿನಲ್ಲಿ ಓದಕ್ಕೆ ಹೊರಟಿದ್ದೀರಿ. ಅಂದ್ರೆ ಚಿಕ್ಕವರ ಸೀಟು ಹಾಳು ಮಾಡೋದು ನಿಮ್ಮ ಉದ್ದೇಶ. ಹೌದೋ ಅಲ್ಲವೋ?"

"ಹೌದು."

"ಲಿಫ್ಟ್ ಕೆಲಸ ಸರಿಯಾಗಿ ಬರದೆ ಇದ್ದಿದ್ರಿಂದ ಬಿಟ್ರಿ. ಹೌದಾ?"

"ಹೌದು ಸಾರ್."

"ನೋಡಿದ್ರಾ? ಎರಡೇ ಪ್ರಶ್ನೆಗೆ ಒಪ್ಪಿಕೊಂಡ!" ಎಂದು ವಕೀಲರು ಕೇಸು ಗೆದ್ದವರಂತೆ ಹಿಂದಕ್ಕೊರಗಿದರು.

"ಕೋಟು ಮಾತ್ರ ಚೆನ್ನಾಗಿ ಕೂತಿದೆ. ಉಸಿರು ಕಮ್ಮಿ ತಗೊಳ್ಳಿ ಅಷ್ಟೆ" ಎಂದಳು ಟೈಲರಮ್ಮ.

"ಆಗಲಿ."

ಲಿಫ್ಟಣ್ಣ ಉಸಿರು ಕಮ್ಮಿ ತೆಗೆದುಕೊಳ್ಳುತ್ತಲೇ ಬಸ್ಸು ಹತ್ತಿ, ಒಂಬತ್ತೂಮುಕ್ಕಾಲಕ್ಕೆ ವಿಶ್ವವಿದ್ಯಾಲಯದ ಕಟ್ಟಡ ಮುಟ್ಟಿದ. ಸಂದರ್ಶನ ಮೂರನೇ ಮಹಡಿಯಲ್ಲಿ. ಕೋಟಿನ ಹೆದರಿಕೆಗೆ ಕೈ ಆಡಿಸದೆ ಮೆಟ್ಟಿಲು ಹತ್ತಿದ. ಕಾರಿಡಾರಿನ ತುಂಬ ಅವನ ಮಗಳ ವಯಸ್ಸಿನ ಹುಡುಗ ಹುಡುಗಿಯರು ಕೂತು ತುಟಿ ಆಡಿಸುತ್ತ ಉರುಹೊಡೆಯುತ್ತಿದ್ದರು. ಒಬ್ಬಳು ಎದ್ದು ನಿಂತು, "ಕೂತ್ಕೊಳ್ಳಿ ಸಾರ್. ನೀವೇನಾ ನಮ್ಮನ್ನ ಸಂದರ್ಶನ ಮಾಡೋರು?" ಎಂದಳು.

"ಹೌದು" ಎಂದುಬಿಟ್ಟ ಲಿಫ್ಟಣ್ಣ.

ಇಡೀ ಬೆಂಚು ಎದ್ದು ನಿಂತಿತು. ಮೂವತ್ತು ಕಣ್ಣುಗಳನ್ನು ಒಟ್ಟಿಗೆ ಕಂಡ ಅವನು ಬೆದರಿ ಕಾರಿಡಾರಿನ ಆ ತುದಿಗೆ, ಲಿಫ್ಟಿನ ಬಾಗಿಲ ಬಳಿಗೆ ಓಡಿದ. ಹಾಗೆ ಓಡಿದವನಿಗೆ ಕೇಳಿಸಿದ್ದು 'ಧಡ್' ಎಂಬ ಸದ್ದು. ಹಿಂದೆಯೇ ಕರ್ ಕರ್. ಆಮೇಲೆ ಮೌನ. ಆ ಮೌನದ ಅರ್ಥ ಅವನಿಗೆ ಹಸುಗೂಸಿನ ಅಳುವಿನ ಅರ್ಥ ತಾಯಿಗೆ ತಿಳಿಯುವಷ್ಟು ಚೆನ್ನಾಗಿ ತಿಳಿಯುತ್ತಿತ್ತು. ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತಿದೆ.

ಒಳಗಿಂದ ಒಬ್ಬ ಹೆಂಗಸಿನ ದನಿ ಗುಡುಗಿತು. "ಯಾರ್ರೀ ಅದು ಹೊರಗೆ? ಹತ್ತು ಗಂಟೆಗೆ ನಾವು ಸಂದರ್ಶನದ ಕೋಣೆಯಲ್ಲಿ ಇರಬೇಕು! ಏನು ತಮಾಷೆ ಇದು?"

ಅಂಥ ದನಿ ಇದ್ದವರು, ಹತ್ತು ಗಂಟೆಗೆ ಆ ಕೋಣೆಯಲ್ಲಿ ಇರಲೇಬೇಕಾದವರು ಯಾರು? ವಿಭಾಗದ ಮುಖ್ಯಸ್ಥೆಯಲ್ಲದೆ ಇನ್ಯಾರು! ಅಟೆಂಡರು ಬಂದು ಇಣುಕಿ, "ಅಯ್ಯೋ ಮತ್ತೆ ನಿಂತ್ಹೋಯ್ತಾ? ಕಂಪನಿಯೋರಿಗೆ ಫೋನ್ ಮಾಡ್ತೀನಿ, ಮಧ್ಯಾಹ್ನ ಬರ್ತಾರೆ" ಎಂದು ಕೆಳಗಿಳಿದು ಹೋದ.

ಲಿಫ್ಟಣ್ಣ ಬಾಗಿಲಿಗೆ ಬಾಯಿಟ್ಟ. ತಟ್ಟನೆ ನಾಲಿಗೆ ಸಡಿಲವಾಯಿತು.

"ಹೆದರ್ಕೋಬೇಡಿ ಮೇಡಂ, ನಾನಿದ್ದೀನಿ. ಎಷ್ಟು ಜನ ಇದ್ದೀರಿ?"

"ಮೂವರು" ಎಂದಿತು ಗಂಭೀರವಾದ ಗಂಡಸಿನ ದನಿ. ಇವರು ಹೊರಗಿನ ಪರೀಕ್ಷಕರು ಎಂದುಕೊಂಡ.

"ಗಾಳಿ ಆಡ್ತಿಲ್ಲ, ನಾನು ಸತ್ತೋಗ್ತೀನಿ" ಎಂದಿತು ಸಣ್ಣದೊಂದು ದನಿ. ಇದು ಆಡಳಿತ ಕಚೇರಿಯಿಂದ ಬಂದವರದ್ದೇ ಸರಿ.

"ಸಾಯಲ್ಲ ಸಾರ್, ಮೇಲೆ ಗಾಳಿಕಿಂಡಿ ಇದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡ್ತಿದ್ದೆ, ಒಬ್ಬರೂ ಸತ್ತಿಲ್ಲ. ಒಂದು ಮಗು ಮಾತ್ರ ಹುಟ್ಟಿದೆ."

ಒಳಗೆ ಯಾರೋ ನಕ್ಕರು. "ಇಪ್ಪತ್ತೆರಡು ವರ್ಷ ಮಾಡಿ ಬಿಟ್ಟುಬಿಟ್ರಾ? ಯಾಕೆ?" ಎಂದಿತು ಗುಡುಗಿನ ದನಿ, ಈಗ ತುಸು ಮೆತ್ತಗಾಗಿ.

ಲಿಫ್ಟಣ್ಣ ನೆಟ್ಟಗೆ ನಿಂತ. ಇದು ಪ್ರಶ್ನೆ! ಸಂದರ್ಶನ ಶುರುವಾಗಿದೆ! ಅದೂ ಮುಖ ಕಾಣದ ಸಂದರ್ಶನ!

ಅವನು ಹೇಳಿದ. ಸಿಕ್ಕಿಬಿದ್ದವರಿಗೆ ಮೊದಲು ಬೇಕಾಗುವುದು ಬಾಗಿಲಲ್ಲ, ಹೊರಗೊಬ್ಬರು ನಿಂತಿದ್ದಾರೆ ಎಂಬ ಧೈರ್ಯ ಎಂದ. ಅಳುವವರನ್ನು ಅಳಬೇಡಿ ಎನ್ನಬಾರದು, ಎಷ್ಟು ಹೊತ್ತಿಂದ ಅಳ್ತಿದ್ದೀರಿ ಎಂದು ಕೇಳಬೇಕು ಎಂದ.

"ನಂಬದೆ ಇರೋರು ಸಿಕ್ಕಿದ್ರೆ ಏನ್ ಮಾಡ್ತೀರಿ?" ಎಂದಿತು ಗಂಭೀರ ದನಿ.

"ನಂಬಿ ಅಂತ ಕೇಳಲ್ಲ ಸಾರ್. ಮುಂದೇನು ಸದ್ದು ಬರುತ್ತೆ ಅಂತ ಮೊದಲೇ ಹೇಳ್ತೀನಿ. ಆ ಸದ್ದು ಬಂದಾಗ ಅವರೇ ನಂಬ್ತಾರೆ."

"ಸ್ವಲ್ಪ ನಿಧಾನ ಹೇಳಿ, ಬರ್ಕೋತಿದ್ದೀನಿ" ಎಂದಳಾಕೆ.

ಅಂಕ! ಅಂಕ ಬರೆದುಕೊಳ್ಳುತ್ತಿದ್ದಾರೆ! ಲಿಫ್ಟಣ್ಣ ಉಕ್ತಲೇಖನ ಕೊಡುವ ಮೇಷ್ಟರಂತೆ ಒಂದೊಂದೇ ಮಾತು ಬಿಡಿಸಿ ಹೇಳಿದ. ಸಣ್ಣ ದನಿಯವನು, "ಆ ಅಳೋರದ್ದು ಇನ್ನೊಂದು ಸಲ ಹೇಳಿ ಸಾರ್" ಎಂದಾಗ ಅದನ್ನೂ ಹೇಳಿದ. ಆಮೇಲೆ, "ಈಗ ಮೇಲಿನ ಯಂತ್ರದ ಕೋಣೆಗೆ ಹೋಗ್ತೀನಿ. ಮೊದಲು ಒಂದು ನಿಟ್ಟುಸಿರಿನ ಥರ ಸದ್ದಾಗುತ್ತೆ, ಆಮೇಲೆ ನಿಧಾನಕ್ಕೆ ಮೇಲೇರ್ತೀರಿ. ಬಾಗಿಲು ಮಟ್ಟಕ್ಕೆ ಬಂದಾಗ ತೆಗೆದುಕೊಂಡು ಇಳಿದು ಹೋಗಿ, ನನಗಾಗಿ ಕಾಯಬೇಡಿ" ಎಂದು ಮೆಟ್ಟಿಲು ಹಾರಿದ.

ಯಂತ್ರದ ಕೋಣೆಗೆ ಬೀಗವಿರಲಿಲ್ಲ; ತಂತಿ ಸುತ್ತಿತ್ತು. ಕರೆಂಟು ತೆಗೆದು, ಬ್ರೇಕು ಸಡಿಲಿಸಿ, ದೊಡ್ಡ ಚಕ್ರ ಹಿಡಿದು ತಿರುಗಿಸಲು ಹೊರಟಾಗ ಟೈಲರಮ್ಮನ ಕೋಟು ಎರಡೂ ಕಂಕುಳಲ್ಲಿ ಪರ್ ಎಂದು ಹರಿಯಿತು. ಆ ದಿನ ಮೊದಲ ಬಾರಿಗೆ ಅವನು ಪೂರ್ತಿ ಉಸಿರೆಳೆದುಕೊಂಡ. ಹಗ್ಗದ ಮೇಲೆ ಮಹಡಿಗೊಂದರಂತೆ ಬಳಿದಿದ್ದ ಬಣ್ಣದ ಗುರುತು ನೋಡಿಕೊಂಡು ಲಿಫ್ಟನ್ನು ಮೂರನೇ ಮಹಡಿಗೆ ತಂದ. ಬಾಗಿಲು ತೆರೆದ ಸದ್ದು, ಮೂರು ಜೋಡಿ ಕಾಲು ಓಡಿದ ಸದ್ದು ಮೇಲಿನವರೆಗೆ ಕೇಳಿತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಕೈ ಕೇಳಬೇಕಲ್ಲ? ಪ್ಯಾನಲು ಬಿಚ್ಚಿ, ಸಡಿಲವಾಗಿದ್ದ ತಂತಿ ಹುಡುಕಿ ಬಿಗಿದು, ಎಣ್ಣೆ ಕಾಣದ ಜಾಗಕ್ಕೆಲ್ಲ ಎಣ್ಣೆ ಹಾಕಿ, ಲಿಫ್ಟನ್ನು ಎರಡು ಸಲ ಮೇಲೆ ಕೆಳಗೆ ಓಡಿಸಿ ನೋಡಿ, ಮತ್ತೆ ಕೈಯ ಜಿಡ್ಡು ತೊಳೆಯಲು ನಲ್ಲಿಯ ಹತ್ತಿರ ನಿಂತಾಗ ಹತ್ತೂಮುಕ್ಕಾಲಾಗಿತ್ತು.

ನಲ್ಲಿಯ ಬಳಿಯಿಂದಲೇ ಮನೆಗೆ ಫೋನು ಮಾಡಿದ. "ಮುಗೀತು ಕಣೇ! ಎಲ್ಲಾದಕ್ಕೂ ಉತ್ತರ ಹೇಳ್ದೆ. ಬರೆದುಕೊಂಡ್ರು!"

"ನೀವಾ? ಬಾಯಲ್ಲೇ ಹೇಳಿದ್ರಾ?" ಹೆಂಡತಿ ನಂಬಲಿಲ್ಲ. ನಂಬಿದ ಮೇಲೆ ತಡೆಯಲಾಗಲಿಲ್ಲ. ಅವಳ ಕೂಗಿಗೆ ವಕೀಲರು ಓಡಿಬಂದು, "ನನ್ನ ತರಬೇತಿ!" ಎಂದದ್ದು ಫೋನಿನಲ್ಲೇ ಕೇಳಿತು. "ನನ್ನ ಕೋಟು!" ಎಂದಳು ಟೈಲರಮ್ಮ. ಐದು ನಿಮಿಷದಲ್ಲಿ ಕೇಂದ್ರದ ಮೇಡಂ ಫೋನು ಮಾಡಿ, "ನಿಮ್ಮ ಮನೆಯೋರು ಹೇಳಿದ್ರು, ತುಂಬಾ ಸಂತೋಷ! ಮೂಲೆ ಕೋಣೆ ಗುಡಿಸೋಕೆ ಹೇಳಿದ್ದೀನಿ" ಎಂದರು. ಮುಖ ಕಾಣದ ಕಾರಣ ಲಿಫ್ಟಣ್ಣ ಅವರಿಗೆ ಸೊಗಸಾಗಿ ಧನ್ಯವಾದ ಹೇಳಿದ.

ಅಷ್ಟರಲ್ಲಿ ಅಟೆಂಡರು ಅವನ ಹೆಸರು ಕೂಗಿದ. ಅನುಭವಸ್ಥರ ಪಟ್ಟಿಯಲ್ಲಿ ಅವನದೇ ಕೊನೆ. ಎಲ್ಲ ಮುಗಿದ ಮೇಲಿನ ಸಹಿಗೆ ಕರೆದಿರಬೇಕು ಎಂದುಕೊಂಡು, ಹರಿದ ಕೋಟು ತೋಳಿನ ಮೇಲೆ ಹಾಕಿಕೊಂಡು, ನಗುತ್ತ ಒಳಗೆ ಹೋದ. ಮೇಜಿನ ಆಚೆ ಮೂವರು. ನಡುವೆ ಕೂತ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ಈ ವಿಷಯವನ್ನೇ ಯಾಕೆ ಓದಬೇಕು ಅಂತಿದ್ದೀರಿ?" ಎಂದು ಕೇಳಿದರು. ದನಿ ಯಾಕೋ ತೆಳ್ಳಗಿತ್ತು. ಲಿಫ್ಟಿನೊಳಗೆ ದನಿ ದಪ್ಪವಾಗಿ ಕೇಳುವುದು ಸಹಜ ಎಂದುಕೊಂಡ.

ನಮ್ಮವರೇ ತಾನೆ ಎಂಬ ಧೈರ್ಯಕ್ಕೆ ಹುಟ್ಟಿದಾರಭ್ಯ ಮೊದಲ ಸಲ ಅವನು ಮುಖಗಳ ಎದುರು ನಿರರ್ಗಳವಾಗಿ ಮಾತಾಡಿದ. "ಸಿಕ್ಕಿಬಿದ್ದವರಿಗೆ ಮೊದಲು ಬೇಕಾಗೋದು ಬಾಗಿಲಲ್ಲ ಮೇಡಂ, ಹೊರಗೊಬ್ಬರು ನಿಂತಿದ್ದಾರೆ ಅನ್ನೋ ಧೈರ್ಯ..."

ಮೇಜಿನ ಆಚೆಯ ಮೂವರೂ ಮುಖ ಮುಖ ನೋಡಿಕೊಂಡರು.

"ಅಳೋರನ್ನ ಅಳಬೇಡಿ ಅನ್ನಬಾರದು..."

"ಎಷ್ಟು ಹೊತ್ತಿಂದ ಅಳ್ತಿದ್ದೀರಿ ಅಂತ ಕೇಳಬೇಕು. ಅಲ್ವಾ?" ಎಂದು ಎಡಗಡೆಯವರು ಮುಗಿಸಿದರು.

"ಅದೇ ಸಾರ್! ಜ್ಞಾಪಕ ಇಟ್ಕೊಂಡಿದ್ದೀರಿ! ಲಿಫ್ಟಲ್ಲಿ ಹೇಳಿದ್ನಲ್ಲ!"

"ಯಾವ ಲಿಫ್ಟು? ನಾವು ಒಂಬತ್ತೂವರೆಯಿಂದ ಇಲ್ಲೇ ಕೂತಿದ್ದೀವಿ" ಎಂದರು ಮುಖ್ಯಸ್ಥೆ. "ನೋಡಿ, ನಿಮಗಿಂತ ಮುಂಚೆ ಬಂದ ಮೂವರೂ ಇದೇ ಮಾತು ಹೇಳಿದ್ರು. ಒಬ್ಬರು ಇನ್ಶೂರೆನ್ಸ್‌ನಲ್ಲಿದ್ದೋರು, ಒಬ್ಬರು ಸೈನ್ಯದಲ್ಲಿದ್ದೋರು, ಒಬ್ಬರು ಫೋಟೋಗ್ರಾಫರು. ಮೂರು ದಾರೀಲಿ ಬದುಕಿದ ಮೂವರು ಒಂದೇ ಸತ್ಯಕ್ಕೆ ಬಂದಿದ್ದಾರೆ ಅಂದ್ರೆ ಅದು ಅನುಭವ. ಅದನ್ನೇ ನಾಲ್ಕನೆಯವರು ಅಕ್ಷರ ಬಿಡದೆ ಹೇಳಿದ್ರೆ ಅದೇನು ಹೇಳಿ?"

ಲಿಫ್ಟಣ್ಣನಿಗೆ ಎಲ್ಲ ಅರ್ಥವಾಯಿತು. ಅರ್ಥವಾದ ಕ್ಷಣವೇ ಮೂರು ಅಪರಿಚಿತ ಮುಖಗಳು, ಆರು ಕಣ್ಣುಗಳು ಅವನ ಮೇಲೆ ಮುಗಿಬಿದ್ದವು. ಬಕೆಟ್ಟು ಬುಡಸಮೇತ ಖಾಲಿಯಾಯಿತು.

"ಬಾಗಿಲ ಹೊರಗೆ ನಿಂತು ಕೇಳಿಸ್ಕೊಂಡು ಹೇಳ್ತಿದ್ದೀರಾ?"

"ಹೌದು."

"ಪ್ರಾಮಾಣಿಕತೆಗೆ ಮೆಚ್ಚಬೇಕು" ಎಂದು ಅವರು ನಿಟ್ಟುಸಿರುಬಿಟ್ಟು, ಪಟ್ಟಿಯಲ್ಲಿ ಮೂರು ಹೆಸರಿಗೆ ಗುರುತು ಹಾಕಿ ಅಟೆಂಡರಿಗೆ ಕೊಟ್ಟರು. "ಬರೋ ವರ್ಷ ನಿಮ್ಮದೇ ಸ್ವಂತ ಅನುಭವ ಏನಾದ್ರೂ ಇದ್ರೆ ತಗೊಂಡು ಬನ್ನಿ."

"ಆಗಲಿ" ಎಂದ ಲಿಫ್ಟಣ್ಣ.

ಹೊರಗೆ ಬಂದಾಗ ಲಿಫ್ಟಿನ ಮುಂದೆ ಮೂವರು ನಿಂತಿದ್ದರು. ಎತ್ತರದ ಹೆಂಗಸು, ಗಿರಿಜಾ ಮೀಸೆಯ ಗಂಡಸು, ಕೊರಳಿಗೆ ಕ್ಯಾಮೆರಾ ಚೀಲ ಹಾಕಿಕೊಂಡ ನರಪೇತಲ.

"ರೀ, ನೀವು ಇಲ್ಲೇ ಕೆಲಸ ಮಾಡೋರಾ?" ಗುಡುಗಿದಳು ಆ ಹೆಂಗಸು. "ಬೆಳಿಗ್ಗೆ ಒಬ್ಬ ಲಿಫ್ಟ್ ಮೆಕ್ಯಾನಿಕ್ ಇದ್ದ. ಎಲ್ಲಾದ್ರೂ ಕಂಡ್ನಾ? ಎಷ್ಟು ಹುಡುಕಿದ್ರೂ ಸಿಗ್ತಿಲ್ಲ."

ಲಿಫ್ಟಣ್ಣ ಬಾಯಿ ತೆರೆದ. ಆರು ಕಣ್ಣು. ಬಾಯಿ ಹಾಗೇ ನಿಂತಿತು.

"ಪಾಪ, ಮಾತು ಬರಲ್ಲ ಅನ್ಸುತ್ತೆ" ಎಂದ ನರಪೇತಲ.

"ಎಂಥ ಮನುಷ್ಯ ರೀ ಅವನು! ಅವನ ದಯದಿಂದ ಮೂವರಿಗೂ ಸೀಟು ಸಿಕ್ತು" ಎಂದಳಾಕೆ. "ಅವನಿಗೇ ಈ ಕೋರ್ಸಿಗೆ ಅರ್ಜಿ ಹಾಕು ಅನ್ನಬೇಕಿತ್ತು."

"ಅವನಿಗ್ಯಾಕೆ ಮೇಡಂ ಓದು? ಅವನಿಗೆ ಎಲ್ಲಾ ಬರುತ್ತಲ್ಲ" ಎಂದ ಮೀಸೆಯವನು.

ಲಿಫ್ಟು ಬಂತು. ಮೂವರೂ ಒಳಗೆ ಹೋದರು. ಬಾಗಿಲು ಮುಚ್ಚಿದ್ದೇ ತಡ, ಲಿಫ್ಟಣ್ಣನ ನಾಲಿಗೆ ಕಟ್ಟು ಬಿಚ್ಚಿಕೊಂಡಿತು. "ರೀ, ನಿಲ್ರೀ! ಅದು ನಾನೇ! ನಾಲ್ಕನೇ ಅರ್ಜಿ ನಂದೇ! ಒಂದೇ ಒಂದು ನಿಮಿಷ ಒಳಗೆ ಬಂದು ಅವರಿಗೆ ಹೇಳಿಬಿಡಿ, ನನ್ನ ಮೂಲೆ ಕೋಣೆ..." ಎಂದು ಎರಡೂ ಅಂಗೈಯಿಂದ ಬಾಗಿಲು ಬಡಿಯುತ್ತ, ಜೀವಮಾನದಲ್ಲಿ ಆಡದಷ್ಟು ಸ್ಪಷ್ಟವಾಗಿ, ಮನಮುಟ್ಟುವಂತೆ ಆಡಿದ.

ಲಿಫ್ಟು ಒಂದು ಕ್ಷಣವೂ ತಡವರಿಸದೆ, ಒಂದು ಸದ್ದೂ ಮಾಡದೆ, ಬೆಣ್ಣೆಯಲ್ಲಿ ಇಳಿದಂತೆ ನೆಲಮಹಡಿಗೆ ಇಳಿದುಹೋಯಿತು. ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದ.