ಒಂದು ಬಾಣಲೆ ಹೊಗೆ

ನವೆಂಬರ್ ತಿಂಗಳ ದೆಹಲಿಯಲ್ಲಿ ಹೊಗೆ ಸಿಗಲಿಲ್ಲ ಎಂದರೆ ಸಮುದ್ರದಲ್ಲಿ ಉಪ್ಪು ಸಿಗಲಿಲ್ಲ ಎಂದಂತೆ. ಆದರೂ ಆ ಬೆಳಿಗ್ಗೆ ಕೆಂಪಣ್ಣನಿಗೆ ಸಿಗಲಿಲ್ಲ. ಊರ ಮೇಲೆಲ್ಲ ಹರಡಿಕೊಂಡ ಹೊಗೆ ಅವನ ಕೆಲಸಕ್ಕೆ ಬಾರದು. ಅವನಿಗೆ ಬೇಕಾದದ್ದು ಒಂದೇ ಕಡೆಯಿಂದ ದಟ್ಟವಾಗಿ ಏಳುವ ಹೊಗೆ.

ಕೆಂಪಣ್ಣ ಜನಕಪುರಿಯ ಪ್ರಾದೇಶಿಕ ಸಂಶೋಧನಾ ಕೇಂದ್ರದಲ್ಲಿ ಗುತ್ತಿಗೆ ವಿಜ್ಞಾನಿ. ವರ್ಷಗಟ್ಟಲೆ ಒದ್ದಾಡಿ, ತಂದೂರಿನ ಹೊಗೆ ನುಂಗುವ ಯಂತ್ರವೊಂದನ್ನು ಕಟ್ಟಿದ್ದ. ನೋಯ್ಡಾದ ಕಂಪನಿಯೊಂದರ ಚೋಪ್ರಾ ಸಾಹೇಬರು ಮಧ್ಯಾಹ್ನ ಅದನ್ನು ನೋಡಲು ಬರುವವರಿದ್ದರು. ಅವರು ಮೆಚ್ಚಿ ಒಪ್ಪಂದಕ್ಕೆ ಸಹಿ ಹಾಕಿದರೆ ಕೆಂಪಣ್ಣನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಬೇಕು.

ಪ್ರದರ್ಶನಕ್ಕೆ ಅವನು ನಂಬಿಕೊಂಡಿದ್ದು ಎದುರಿನ ಢಾಬಾದ ತಂದೂರನ್ನು. ಹೋಗಿ ನೋಡಿದರೆ ಅದು ತಣ್ಣಗೆ ಕೂತಿತ್ತು.

"ಇದೇನು ಭಯ್ಯಾ?"

"ಮಾಲಿನ್ಯ ಜಾಸ್ತಿ ಆಯ್ತು ಅಂತ ಇದ್ದಿಲು ಬಂದ್ ಮಾಡ್ಸಿದಾರೆ ಸಾಬ್. ಇನ್ಮೇಲೆ ಕರೆಂಟ್ ತಂದೂರ್. ಒಂಚೂರೂ ಹೊಗೆ ಬರಲ್ಲ. ಮೊದಲು ಖುಷಿಪಡಬೇಕಾದವರು ನೀವೇ," ಎಂದ ಢಾಬಾದವನು.

ಖುಷಿಪಡುವ ಸ್ಥಿತಿಯಲ್ಲಿ ಕೆಂಪಣ್ಣ ಇರಲಿಲ್ಲ. ಸುದ್ದಿ ಕೇಳಿದ ಕೇಂದ್ರದ ನಿರ್ದೇಶಕ ಕೇಶವಮೂರ್ತಿಯವರು ತಲೆ ಮೇಲೆ ಕೈಯಿಟ್ಟುಕೊಂಡರು.

"ಹೊಗೆ ಇಲ್ದೆ ಏನ್ ತೋರಿಸ್ತೀರಿ? ಎಲ್ಲಿಂದಾದ್ರೂ ಹೊಂದಿಸ್ಕೊಂಡು ಬನ್ನಿ."

"ಸರ್, ನಮ್ಮದು ಶುದ್ಧ ತಂತ್ರಜ್ಞಾನದ ಕೇಂದ್ರ."

"ಅದಕ್ಕೇ ಗೇಟಿನಾಚೆ ಹುಡುಕಿ ಅಂತಿರೋದು."

ಸಹೋದ್ಯೋಗಿ ಸ್ಫೂರ್ತಿ ಒಂದು ಕಟ್ಟು ಊದುಬತ್ತಿ ತಂದು ಒಟ್ಟಿಗೇ ಹಚ್ಚಿದಳು. ಲೆಕ್ಕಪತ್ರ ವಿಭಾಗದವರು ಒಬ್ಬೊಬ್ಬರಾಗಿ ಬಂದು ಯಂತ್ರಕ್ಕೆ ಕೈಮುಗಿದು, ಪ್ರಸಾದ ಎಲ್ಲಿ ಎಂದು ಕೇಳಿದರು. ಕೆಂಪಣ್ಣ ಹಿತ್ತಲಲ್ಲಿ ಒಣ ಎಲೆ ಗುಡ್ಡೆ ಹಾಕಿ ಕಡ್ಡಿ ಗೀರಿದ. ಹೊಗೆ ತಲೆಯೆತ್ತುವಷ್ಟರಲ್ಲಿ ಪಕ್ಕದ ಕಾಲೊನಿಯ ನಿವಾಸಿಗಳ ಸಂಘದ ಅಧ್ಯಕ್ಷರು ಗೋಡೆಯಾಚೆಯಿಂದ ಒಂದು ಬಕೆಟ್ ನೀರು ಸುರಿದರು. ಅರ್ಧ ನೀರು ಎಲೆಯ ಮೇಲೆ ಬಿತ್ತು, ಉಳಿದದ್ದು ಕೆಂಪಣ್ಣನ ಮೇಲೆ.

ಒದ್ದೆ ಅಂಗಿಯಲ್ಲೇ ನಡುಗುತ್ತ ಹೆಂಡತಿ ವೈಜಯಂತಿಗೆ ಫೋನ್ ಮಾಡಿದ. "ಕೆಲಸ ಹೋಯ್ತು ಕಣೆ."

"ಯಾಕ್ರೀ?"

"ಹೊಗೆ ಸಿಕ್ತಿಲ್ಲ."

"ಅಷ್ಟೇನಾ? ಮೊನ್ನೆ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದಾಗ ಮೇಲಿನ ಮನೆಯವರೆಲ್ಲ ರಸ್ತೆಗಿಳಿದಿದ್ರು, ಮರೆತುಹೋಯ್ತಾ? ಬರ್ತೀನಿ ಇರಿ."

ಆಟೋದಲ್ಲಿ ಬಂದಿಳಿದ ವೈಜಯಂತಿಯ ಕೈಯಲ್ಲಿ ಕಬ್ಬಿಣದ ಬಾಣಲೆಯೂ ಚೀಲ ತುಂಬ ಮೆಣಸಿನಕಾಯಿಯೂ ಇದ್ದವು. "ಬ್ಯಾಡಗಿ ಬಣ್ಣಕ್ಕೆ ಸರಿ. ಘಾಟಿಗೆ ಗುಂಟೂರೇ ಆಗ್ಬೇಕು," ಎನ್ನುತ್ತ ಪ್ರಯೋಗಾಲಯದ ಒಲೆ ಹಚ್ಚಿದಳು.

ಚೋಪ್ರಾ ಒಳಗೆ ಕಾಲಿಡುವುದಕ್ಕೂ ಮೆಣಸಿನಕಾಯಿ ಕಪ್ಪಾಗುವುದಕ್ಕೂ ಸರಿಹೋಯಿತು. ಕೇಶವಮೂರ್ತಿಯವರ ಸ್ವಾಗತ ಭಾಷಣ ಮೊದಲ ಕೆಮ್ಮಿನಲ್ಲೇ ಮುಗಿಯಿತು. ಸ್ಫೂರ್ತಿ ಮೇಜಿನ ಕೆಳಗೆ ಸೇರಿಕೊಂಡಳು. ಚೋಪ್ರಾ ಅವರ ಕಣ್ಣು, ಮೂಗು ಎರಡರಲ್ಲೂ ನೀರು. ಸೆರಗನ್ನು ಮೂಗಿಗೆ ಕಟ್ಟಿಕೊಂಡ ವೈಜಯಂತಿ ಮಾತ್ರ ನಿಶ್ಚಿಂತೆಯಿಂದ ಸೌಟಾಡಿಸುತ್ತಿದ್ದಳು. ಕಣ್ಣು ಕಾಣದ ಕೆಂಪಣ್ಣ ಸ್ವಿಚ್ ಎಂದುಕೊಂಡು ಚೋಪ್ರಾ ಅವರ ಕೋಟಿನ ಗುಂಡಿಯನ್ನು ಎರಡು ಸಲ ಒತ್ತಿ, ಮೂರನೆಯ ಸಲ ಹೇಗೋ ಸರಿಯಾದದ್ದನ್ನು ಒತ್ತಿದ.

ಯಂತ್ರ ಗುಂಯ್ ಎಂದಿತು. ನೋಡನೋಡುತ್ತ ಹೊಗೆಯೆಲ್ಲ ಅದರ ಹೊಟ್ಟೆ ಸೇರಿತು. ಕೋಣೆಯಲ್ಲಿ ಈಗ ಇಡೀ ದೆಹಲಿಯಲ್ಲಿಲ್ಲದ ಗಾಳಿ. ಕೆಂಪಣ್ಣನಿಗೆ ಅಳು ಬಂತು; ಮೆಣಸಿನಕಾಯಿಯದೂ ಸ್ವಲ್ಪ ಪಾಲಿತ್ತು, ಆದರೆ ಹೆಚ್ಚಿನದು ನಿಜವಾದ ಸಂತೋಷ.

"ಅದ್ಭುತ. ಈಗಲೇ ಸಹಿ ಹಾಕ್ತೀನಿ," ಎಂದರು ಚೋಪ್ರಾ, ಮೂಗು ಒರೆಸಿಕೊಳ್ಳುತ್ತ.

"ಯಂತ್ರ ಯಾವತ್ತಿಂದ ತಯಾರು ಮಾಡ್ತೀರಿ ಸಾರ್?" ಎಂದು ಕೆಂಪಣ್ಣ ಕೇಳಿದ.

"ಮಷೀನಾ? ಇಂಥವು ನಮ್ಮ ಗೋದಾಮಲ್ಲಿ ರಾಶಿ ಬಿದ್ದಿವೆ. ಅಂಗಡೀಲಿ ಗಿರಾಕಿಗೆ ತೋರಿಸೋಕೆ ಒಳ್ಳೇ ಹೊಗೆ ಸಿಗದೆ ಒಂದೂ ಖರ್ಚಾಗ್ತಿಲ್ಲ. ಜನ ಮೊದಲು ಅಳಬೇಕು, ಆಮೇಲೆ ಸ್ವಿಚ್ ಒತ್ತಬೇಕು. ಆಗ ಬೇಡ ಅಂದ್ರೂ ಕೊಳ್ತಾರೆ. ನನಗೆ ಬೇಕಾಗಿರೋದು ಈ ಮೇಡಂ ಎಬ್ಬಿಸಿದ ಹೊಗೆ."

ಅಲ್ಲೇ ಸಹಿ ಬಿತ್ತು. ಒಪ್ಪಂದದ ಪ್ರಕಾರ ಕೇಂದ್ರದ ಹೊಸ ಹೊಗೆ ಯೋಜನೆಗೆ ವೈಜಯಂತಿಯೇ ಮುಖ್ಯಸ್ಥೆ.

ಕೇಶವಮೂರ್ತಿಯವರು ಕೆಂಪಣ್ಣನ ಬೆನ್ನು ತಟ್ಟಿದರು. "ನಿಮ್ಮ ಕೆಲಸಾನೂ ಉಳೀತು ಬಿಡಿ. ಅದೇ ಸಂಬಳಕ್ಕೆ ಸಹಾಯಕರಾಗಿ."

"ಯಾರ ಸಹಾಯಕ ಸರ್?"

ಅವರು ಒಲೆಯ ಕಡೆ ನೋಡಿದರು. ವೈಜಯಂತಿ ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡಳು. ಮದುವೆಯಾದಂದಿನಿಂದ ಗಂಡನನ್ನು "ರೀ" ಎಂದಲ್ಲದೆ ಬೇರೆ ಕರೆದವಳಲ್ಲ.

"ಕೆಂಪಣ್ಣ ಅವರೇ," ಎಂದಳು, "ಬಾಣಲೆ ಆರಿದ ಮೇಲೆ ಚೆನ್ನಾಗಿ ಉಜ್ಜಿಡಿ."